ಕಂಬ, ತೊಲೆ, ಚಪ್ಪಡಿ: ಕಲ್ಲಿನ ಗುಡಿಯಿಂದ ಮನೆಯ ಲಿಂಟಲ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಂಪಿ, ಐಹೊಳೆ, ಮೂಡುಬಿದಿರೆ ನೋಡಿ ಬಂದವರು, ಅಜ್ಜನ ಕಾಲದ ಮನೆ ರಿಪೇರಿಗೆ ಹೊರಟವರು, ಹೊಸ ಮನೆ ಕಟ್ಟಿಸುತ್ತಿರುವವರು ಕೇಳುವ ಪ್ರಶ್ನೆಗಳೆಲ್ಲ ಇಲ್ಲಿ ಒಟ್ಟಿಗಿವೆ. ಬೇರೆ ಬೇರೆ ಪ್ರಶ್ನೆ ಅನ್ನಿಸಿದರೂ ಹೆಚ್ಚಿನವಕ್ಕೆ ಉತ್ತರ ಸಿಗುವುದು ಒಂದೇ ಜಾಗದಲ್ಲಿ, ಎರಡು ಕಂಬಗಳ ನಡುವಿನ ಸಂದಿನಲ್ಲಿ. ಎಲ್ಲರ ಕಣ್ಣೂ ಮೊದಲು ಕಂಬದ ಮೇಲೆ ಹೋಗುತ್ತದೆ. ಒಮ್ಮೆ ಸಂದು ನೋಡುವ ಅಭ್ಯಾಸ ಮಾಡಿಕೊಳ್ಳಿ, ಕಟ್ಟಡ ತಾನಾಗಿಯೇ ಅರ್ಥವಾಗುತ್ತದೆ.

ಕಂಬ-ತೊಲೆ ಕಟ್ಟಡ ಅಂದರೆ ಏನು?

ಎರಡು ಕಂಬ ನಿಲ್ಲಿಸಿ ಅವುಗಳ ತಲೆಯ ಮೇಲೆ ಒಂದು ತೊಲೆ ಅಡ್ಡ ಮಲಗಿಸುವುದು, ಅಷ್ಟೆ. ತೊಲೆಗಳ ಮೇಲೆ ಚಪ್ಪಡಿಯನ್ನೋ ಹಲಗೆಯನ್ನೋ ಹೊದಿಸಿದರೆ ಸೂರು ಆಯಿತು. ಸೂರಿನ ಭಾರ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿಯುತ್ತದೆ. ಎಲ್ಲವೂ ನೆಟ್ಟಗೆ ಕೆಳಕ್ಕೇ ಹೋಗುತ್ತದೆ, ಪಕ್ಕಕ್ಕೆ ತಳ್ಳುವುದಿಲ್ಲ. ಬಾಗಿಲು, ಕಿಟಕಿಯ ಮೇಲೆ ಹಾಕುವ ಲಿಂಟಲ್ ಕೂಡ ಇದೇ ಜಾತಿ. ಅಲ್ಲಿ ಕಂಬದ ಕೆಲಸವನ್ನು ಅಕ್ಕಪಕ್ಕದ ಗೋಡೆ ಮಾಡುತ್ತದೆ.

ಹಳೆ ಗುಡಿಗಳಲ್ಲಿ ಇಷ್ಟೊಂದು ಕಂಬ ಯಾಕೆ? ಬರೀ ಅಂದಕ್ಕಾ?

ಅಂದ ಆಮೇಲೆ ಬಂತು. ಮೊದಲ ಕಾರಣ ಕಲ್ಲಿನ ಗುಣ.

ಒಂದು ಬಳಪ ತಗೊಳ್ಳಿ. ಮೇಜಿನ ಮೇಲೆ ನಿಲ್ಲಿಸಿ ಬೆರಳಿನಿಂದ ಎಷ್ಟು ಒತ್ತಿದರೂ ತಡೆಯುತ್ತದೆ. ಎರಡೂ ತುದಿ ಹಿಡಿದು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಗ್ರಾನೈಟ್ ಕೂಡ ಹಾಗೇ. ಒತ್ತಿ ಪುಡಿ ಮಾಡಲು ಬೇಕಾದ ಬಲದ ಹತ್ತನೇ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ ಬಲ ಸಾಕು, ಎಳೆದು ಸೀಳಲು.

ಕಂಬಕ್ಕೆ ಬೀಳುವುದು ಒತ್ತಡ ಮಾತ್ರ. ಹಾಗಾಗಿ ಕಲ್ಲಿನ ಕಂಬಕ್ಕೆ ಸೂರಿನ ಭಾರ ಒಂದು ಲೆಕ್ಕವೇ ಅಲ್ಲ. ತೊಲೆಯ ಪಾಡು ಬೇರೆ. ಮೇಲೆ ಭಾರ ಬಿದ್ದಾಗ ತೊಲೆ ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಮೇಲಿನ ಮೈ ಒತ್ತಿಕೊಳ್ಳುತ್ತದೆ, ಕೆಳಗಿನ ಮೈ ಎಳೆದುಕೊಳ್ಳುತ್ತದೆ. ಕಲ್ಲು ತಾಳದೇ ಇರುವುದು ಈ ಕೆಳಗಿನ ಎಳೆತವನ್ನು.

ಒಂದು ಲೆಕ್ಕ ಹಾಕೋಣ. 3 ಮೀಟರ್ ಉದ್ದ, 30 ಸೆಂ.ಮೀ. ಅಗಲ, 45 ಸೆಂ.ಮೀ. ದಪ್ಪದ ಗ್ರಾನೈಟ್ ತೊಲೆ ಅಂದುಕೊಳ್ಳಿ. ಅದರದ್ದೇ ತೂಕ ಸುಮಾರು 1,100 ಕೆಜಿ. ಮೇಲೆ ಚಪ್ಪಡಿ, ಇಟ್ಟಿಗೆ, ಗಾರೆ ಎಲ್ಲ ಸೇರಿದರೆ ಆ ಒಂದು ತೊಲೆಯ ಮೇಲಿನ ಹೊರೆ 8-9 ಟನ್ ಮುಟ್ಟುತ್ತದೆ. ಒಳ್ಳೆ ಕಲ್ಲಾದರೆ ತಾಳುತ್ತದೆ. ಈಗ ಒಂದು ಕಂಬ ಉಳಿಸೋಣ ಅಂತ ಸಂದನ್ನು 6 ಮೀಟರ್ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಪ್ರತಿ ಮೀಟರಿನ ಭಾರ ಅಷ್ಟೇ ಇದ್ದರೂ ಕೆಳಗಿನ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. ತೊಲೆ ಮುರಿಯುತ್ತದೆ. ಮುರಿಯಬಾರದು ಅಂದರೆ ಇನ್ನೂ ದಪ್ಪ ಕಲ್ಲು ಬೇಕು. ಅದನ್ನು ಬಂಡೆಯಿಂದ ಸೀಳಬೇಕು, ಸಾಗಿಸಬೇಕು, ಮೇಲೆ ಎತ್ತಬೇಕು. ಇಷ್ಟೆಲ್ಲ ಪಡುವ ಬದಲು ನಡುವೆ ಇನ್ನೊಂದು ಕಂಬ ನಿಲ್ಲಿಸುವುದು ಎಷ್ಟೋ ವಾಸಿ, ಅಲ್ವಾ?

ನೂರು ಜನ ಕೂರುವ ಮಂಟಪ ಬೇಕು ಅಂದಾಗ ಕಂಬಗಳ ಕಾಡೇ ಎದ್ದು ನಿಂತದ್ದು ಹೀಗೆ. ಕೆತ್ತನೆ ಮಾಡುವವರು ಆ ಅನಿವಾರ್ಯವನ್ನೇ ಅಂದ ಮಾಡಿಕೊಂಡರು. ಅವರ ನಿಜವಾದ ದೊಡ್ಡತನ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿಕೊಂಡಿರುವ ಕಲ್ಲು ಯಾವುದು?

ಅದು ಬೋದಿಗೆ. ತುದಿಯಲ್ಲಿ ಬಾಳೆ ಹೂವಿನ ಮೊಗ್ಗು ಇಳಿಬಿಟ್ಟ ಹಾಗೆ ಕೆತ್ತಿರುವುದನ್ನು ವಿಜಯನಗರ ಕಾಲದ ಮಂಟಪಗಳಲ್ಲಿ ಧಾರಾಳವಾಗಿ ನೋಡಬಹುದು. ಜನ ಮೊಗ್ಗಿನ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಬೋದಿಗೆಯ ಕೆಲಸ ತಿಳಿದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ತೊಲೆ ನೇರವಾಗಿ ಕಂಬದ ಮೇಲೆ ಕೂತರೆ ಅದಕ್ಕೆ ಸಿಗುವುದು ಕಂಬದಷ್ಟೇ ಅಗಲದ ಆಸರೆ. ಬೋದಿಗೆ ಆ ಆಸರೆಯನ್ನು ಮುಂದಕ್ಕೆ ಚಾಚುತ್ತದೆ. 3 ಮೀಟರ್ ಸಂದಿನಲ್ಲಿ ಎರಡೂ ಕಡೆಯಿಂದ 45 ಸೆಂ.ಮೀ. ಚಾಚಿದರೆ ತೊಲೆ ಒಂಟಿಯಾಗಿ ದಾಟಬೇಕಾದ ದೂರ 2.1 ಮೀಟರಿಗೆ ಇಳಿಯಿತು. ದೂರ ಮೂರನೇ ಒಂದು ಭಾಗದಷ್ಟೂ ಇಳಿದಿಲ್ಲ, ಎಳೆತ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಇನ್ನೊಂದು ಉಪಕಾರವೂ ಇದೆ. ಎರಡು ತೊಲೆಗಳು ಒಂದೇ ಕಂಬದ ಮೇಲೆ ಬಂದು ಸೇರುವಾಗ ಎರಡಕ್ಕೂ ಸರಿಯಾಗಿ ಕೂರಲು ಜಾಗ ಸಿಗುತ್ತದೆ. ನಾಲ್ಕೂ ದಿಕ್ಕಿಗೆ ತೊಲೆ ಹೋಗುವಲ್ಲಿ ಬೋದಿಗೆಗೂ ನಾಲ್ಕು ಕೈ.

ಮರದ ಮನೆಗಳಲ್ಲೂ ಇದೇ ಇದೆ. ಹಳೆ ತೊಟ್ಟಿ ಮನೆಯ ಕಂಬದ ಮೇಲೆ ಕೆತ್ತನೆಯ ಬೋದಿಗೆ ಇಲ್ಲದೇ ಇರುವುದು ಅಪರೂಪ.

ಐಹೊಳೆಯ ಲಾಡ್‌ಖಾನ್ ಗುಡಿ ಮರದ ಮನೆ ಹಾಗೆ ಯಾಕೆ ಕಾಣುತ್ತದೆ?

ಕಟ್ಟಿದವರ ಕೈಗೆ ಮರದ ಪಳಗು ಜಾಸ್ತಿ ಇತ್ತು. ಆ ಗುಡಿಯ ಸೂರು ನೋಡಿ. ಚಪ್ಪಡಿಗಳು ಇಳಿಜಾರಾಗಿ ಮಲಗಿವೆ. ಎರಡು ಚಪ್ಪಡಿ ಸೇರುವ ಕಡೆ ಉದ್ದಕ್ಕೆ ಒಂದೊಂದು ಸಪೂರ ಕಲ್ಲಿನ ಪಟ್ಟಿ ಇದೆ, ಹಲಗೆಗಳ ಸಂದು ಮುಚ್ಚಲು ಮರದ ದಿಮ್ಮಿ ಇಟ್ಟ ಹಾಗೆ. ಮಳೆ ನೀರು ಸಂದಿಗೆ ಇಳಿಯದೆ ಪಟ್ಟಿಯ ಎರಡೂ ಪಕ್ಕ ಹರಿದು ಹೋಗುತ್ತದೆ. ಬಡಗಿಯ ಉಪಾಯವನ್ನು ಕಲ್ಲು ಕೆಲಸದವನು ಎತ್ತಿಕೊಂಡಿದ್ದಾನೆ. ಮೇಲಕ್ಕೆ ಹತ್ತಲು ಇರುವ ಏಣಿಯೂ ಕಲ್ಲಿನದೇ. ಒಳಗೆ ನಡುವೆ ನಾಲ್ಕು ಕಂಬ, ಅದರ ಸುತ್ತ ಹನ್ನೆರಡು, ಚೌಕದೊಳಗೊಂದು ಚೌಕ. ಒಳ ಚೌಕದ ಸೂರು ಎತ್ತರ, ಹೊರ ಸುತ್ತಿನದು ಇಳಿಜಾರು. ಹಿಂದೆ ಈ ಗುಡಿಯನ್ನು 5ನೇ ಶತಮಾನದ್ದು ಅನ್ನುತ್ತಿದ್ದರು. ಈಗ 7-8ನೇ ಶತಮಾನ ಅನ್ನುವ ವಿದ್ವಾಂಸರೇ ಹೆಚ್ಚು.

ಅಲ್ಲಿಂದ ಹತ್ತಿರದ ಬಾದಾಮಿಗೆ ಹೋದರೆ ಇನ್ನೂ ಸೋಜಿಗ. ಮೂರನೇ ಗುಹೆಯ ಶಾಸನದ ಕಾಲ ಕ್ರಿ.ಶ. 578. ಅದು ಕಟ್ಟಿದ್ದಲ್ಲ, ಬಂಡೆ ಕೊರೆದು ಮಾಡಿದ್ದು. ಅಲ್ಲಿ ತೊಲೆಯ ಅಗತ್ಯವೇ ಇಲ್ಲ, ಮೇಲಿರುವುದು ಇಡೀ ಬೆಟ್ಟ. ಆದರೂ ಕಂಬ, ಬೋದಿಗೆ, ತೊಲೆ ಎಲ್ಲವನ್ನೂ ಬಂಡೆಯಲ್ಲೇ ಬಿಡಿಸಿದ್ದಾರೆ. ಮನೆ ಅಂದರೆ ಕಂಬದ ಮೇಲೆ ತೊಲೆ ಎಂಬುದು ಅವರ ಕಣ್ಣಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು.

ಬೇಲೂರು, ಹಳೇಬೀಡಿನ ಕಂಬಗಳು ಅಷ್ಟು ದುಂಡಗೆ, ನುಣ್ಣಗೆ ಹೇಗಾದವು? ಆಗ ಯಂತ್ರ ಇತ್ತಾ?

ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಮರ ಕಡೆಯುವ ಚರಕಿಯಂಥದ್ದೇ ದೊಡ್ಡ ಸಾಧನದಲ್ಲಿ ಕಂಬ ತಿರುಗಿಸಿ ಉಳಿ ಹಿಡಿದು ಕಡೆದಿದ್ದಾರೆ. ಕಂಬದ ಮೈಮೇಲೆ ಸುತ್ತಲೂ ಒಂದೇ ಸಮ ಓಡುವ ಗೀರುಗಳೇ ಅದಕ್ಕೆ ಸಾಕ್ಷಿ. ಬೇರೆ ಲೋಕದವರು ಬಂದು ಮಾಡಿದರು ಅನ್ನುವ ವಿಡಿಯೊಗಳನ್ನು ದಯವಿಟ್ಟು ಹಂಚಬೇಡಿ. 1117ರ ಬೇಲೂರು ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನೇ ಕೆತ್ತಿಟ್ಟು ಹೋಗಿದ್ದಾರೆ. ಅವರ ಕೆಲಸದ ಯಶಸ್ಸನ್ನು ಅವರಿಗೇ ಬಿಡೋಣ.

ಈ ಗುಡಿಗಳಲ್ಲಿ ತಲೆ ಎತ್ತಿ ನೋಡಬೇಕಾದದ್ದು ಭುವನೇಶ್ವರಿ, ಅಂದರೆ ನಾಲ್ಕು ಕಂಬಗಳ ನಡುವಿನ ಚೌಕದ ಸೂರು. ಅಷ್ಟು ದೊಡ್ಡ ಚೌಕವನ್ನು ಒಂದೇ ಚಪ್ಪಡಿಯಲ್ಲಿ ಮುಚ್ಚುವುದು ಕಷ್ಟ. ಅದಕ್ಕೆ ನಾಲ್ಕು ಮೂಲೆಗೂ ಅಡ್ಡಡ್ಡ ಕಲ್ಲು ಇಡುತ್ತಾರೆ. ಈಗ ಉಳಿದ ಬಾಯಿ ಚಿಕ್ಕದಾಯಿತು. ಅದರ ಮೇಲೆ ಮತ್ತೊಂದು ಸುತ್ತು, ಸ್ವಲ್ಪ ಒಳಗೆ ಚಾಚಿ. ಹೀಗೆ ಸುತ್ತು ಸುತ್ತಾಗಿ ಮೇಲೆ ಹೋಗಿ ಕೊನೆಗೆ ಉಳಿದ ಪುಟ್ಟ ಬಾಯಿಗೆ ಒಂದು ಕಲ್ಲು. ಕೆಳಗಿಂದ ನೋಡಿದರೆ ಗುಮ್ಮಟದಂತೆ ಕಾಣುತ್ತದೆ. ಆದರೆ ಪ್ರತಿ ಕಲ್ಲೂ ಮಲಗಿಯೇ ಇದೆ. ಇದು ತೊಲೆಯ ಬುದ್ಧಿಯೇ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿದೆ ಅಷ್ಟೆ.

ನಮ್ಮ ಕಡೆಯವರಿಗೆ ಕಮಾನು ಗೊತ್ತಿರಲಿಲ್ಲವಾ?

ಹಂಪಿಗೆ ಹೋದರೆ ಉತ್ತರ ಸಿಗುತ್ತದೆ. ಕಮಲ ಮಹಲು ಮತ್ತು ಆನೆ ಲಾಯದಲ್ಲಿ ಕಮಾನು, ಗುಮ್ಮಟ ಎರಡೂ ಇವೆ. ಅದೇ ಊರಿನ ವಿಠಲ ಗುಡಿ, ಹಜಾರ ರಾಮ ಗುಡಿಗಳಲ್ಲಿ ಕಂಬ, ತೊಲೆ, ಚಪ್ಪಡಿ. ಒಂದೇ ರಾಜ್ಯ, ಒಂದೇ ಊರು. ಎರಡೂ ವಿದ್ಯೆ ಗೊತ್ತಿದ್ದು ದೇವರ ಮನೆಗೆ ಒಂದು, ಅರಮನೆ ಆವರಣಕ್ಕೆ ಇನ್ನೊಂದು ಆರಿಸಿಕೊಂಡಿದ್ದಾರೆ.

ಎರಡರ ನಡವಳಿಕೆಯೇ ಬೇರೆ. ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ಇರುತ್ತವೆ, ಎಳೆತ ಇರುವುದಿಲ್ಲ. ಹಾಗಾಗಿ ದೂರ ದೂರ ದಾಟಬಹುದು. ಆದರೆ ಅದು ಕಾಲುಗಳನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಆ ತಳ್ಳಾಟ ತಡೆಯಲು ದಪ್ಪ ಗೋಡೆ ಬೇಕು. ವಿಜಯಪುರದ ಗೋಲ ಗುಮ್ಮಟದ ಒಳಗೆ ನಿಂತರೆ ಇದು ಕಣ್ಣಿಗೆ ಕಟ್ಟುತ್ತದೆ. ತಲೆಯ ಮೇಲೆ ಸುಮಾರು 38 ಮೀಟರ್ ಅಗಲದ ಬಯಲು, ನಡುವೆ ಒಂದೇ ಒಂದು ಕಂಬವಿಲ್ಲ. ಅದರ ಬೆಲೆಯನ್ನು ಸುತ್ತಲಿನ ಗೋಡೆಗಳು ತಮ್ಮ ದಪ್ಪದಲ್ಲಿ ಕಟ್ಟಿವೆ.

ಗುಡಿಯಲ್ಲಿ ತೊಲೆ ನಡುವೆ ಸೀಳಿದೆ. ಆದರೂ ಬಿದ್ದಿಲ್ಲ. ಹೇಗೆ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಕಲ್ಲಿನ ತೊಲೆ ಸೀಳುವುದು ಹೆಚ್ಚಾಗಿ ನಟ್ಟನಡುವೆ, ಕೆಳಗಿನಿಂದ ಮೇಲಕ್ಕೆ. ಸೀಳಿದ ತಕ್ಷಣ ಎರಡು ತುಂಡುಗಳೂ ಕೂದಲೆಳೆಯಷ್ಟು ಕುಸಿದು, ಮೇಲಿನ ಅಂಚಿನಲ್ಲಿ ಒಂದಕ್ಕೊಂದು ಆತುಕೊಳ್ಳುತ್ತವೆ. ಆ ಗಳಿಗೆಯಿಂದ ಅದು ತೊಲೆಯಾಗಿ ಉಳಿದಿಲ್ಲ. ಬಹಳ ಚಪ್ಪಟೆಯಾದ ಒಂದು ಕಮಾನಾಗಿದೆ. ಎರಡೂ ತುದಿಗಳು ಹೊರಗೆ ಜಾರದಂತೆ ಪಕ್ಕದ ತೊಲೆಗಳು, ಮೇಲಿನ ಭಾರ ಹಿಡಿದುಕೊಂಡಿದ್ದರೆ ನೂರಾರು ವರ್ಷ ಹಾಗೇ ನಿಲ್ಲಬಹುದು.

ಹಾಗಂತ ನೆಮ್ಮದಿಯಿಂದ ಇರುವಂತಿಲ್ಲ. ಮಂಟಪದ ಅಂಚಿನಲ್ಲಿರುವ ತೊಲೆಗೆ ಒಂದು ಕಡೆ ಆತುಕೊಳ್ಳಲು ಏನೂ ಇರುವುದಿಲ್ಲ. ಅಲ್ಲಿ ಸೀಳು ಕಂಡರೆ ಅಪಾಯ ಹೆಚ್ಚು. ಸಂರಕ್ಷಣೆ ಮಾಡುವವರು ಅಂಥ ಕಡೆ ಕೆಳಗೆ ಆಸರೆ ಕೊಡುತ್ತಾರೆ. ನೋಡಲು ಚೆನ್ನಾಗಿಲ್ಲ ಅಂತ ಬೈಯುವವರಿದ್ದಾರೆ. ಆ ಆಸರೆ ಇಲ್ಲದಿದ್ದರೆ ನೋಡಲು ಮಂಟಪವೇ ಇರಲಿಕ್ಕಿಲ್ಲ.

ಊರಿನ ಗುಡಿಯಲ್ಲಿ ಸೀಳು ಕಂಡರೆ ಸಿಮೆಂಟ್ ಮೆತ್ತಿ ಬಣ್ಣ ಬಳಿಯಬೇಡಿ. ಸಿಮೆಂಟ್ ಆ ಎಳೆತ ತಡೆಯುವುದಿಲ್ಲ. ಸೀಳು ದೊಡ್ಡದಾಗುತ್ತಿದೆಯಾ ಅಂತ ತಿಳಿಯುವ ದಾರಿಯನ್ನು ಮುಚ್ಚುತ್ತದೆ ಅಷ್ಟೆ. ಮೊದಲು ಸೂರಿನ ಮೇಲೆ ಹತ್ತಿ ನೋಡಿ. ನೀರು ನಿಂತಿರುತ್ತದೆ, ಇಲ್ಲವೇ ಅರಳಿ ಗಿಡ ಬೇರು ಬಿಟ್ಟಿರುತ್ತದೆ. ಅದನ್ನು ಸರಿಪಡಿಸಿ, ಪುರಾತತ್ವ ಇಲಾಖೆಗೆ ತಿಳಿಸಿ.

ಅಷ್ಟು ಭಾರದ ಕಂಬ ತಳ್ಳಿದರೆ ಬೀಳುತ್ತದಾ?

ಮೇಲೆ ತೊಲೆ, ಚಪ್ಪಡಿ ಇದ್ದರೆ ಮನುಷ್ಯರ ಕೈಯಿಂದ ಆಗದು. ತಲೆಯ ಮೇಲಿನ ಭಾರವೇ ಕಂಬವನ್ನು ಬುಡಕ್ಕೆ ಅದುಮಿ ಹಿಡಿದಿರುತ್ತದೆ. ಹೊಯ್ಸಳ ಗುಡಿಗಳಲ್ಲಿ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ, ಬೇಕಾದ ಕಡೆ ಗೂಟ-ಕುಳಿ ಮಾಡಿ ಬಿಗಿದಿದ್ದಾರೆ. ಅದು ನಿಂತಿರುವುದೂ ಈ ಭಾರದ ಬಲದಿಂದಲೇ.

ಸೂರು ಬಿದ್ದು ಒಂಟಿಯಾಗಿ ಉಳಿದ ಕಂಬ ಹಾಗಲ್ಲ. 2019ರ ಫೆಬ್ರವರಿಯಲ್ಲಿ ಹಂಪಿಯಲ್ಲಿ ಕೆಲವು ಯುವಕರು ಪಾಳು ಗುಡಿಯೊಂದರ ಕಂಬ ತಳ್ಳಿ ಬೀಳಿಸಿದ ವಿಡಿಯೊ ಹರಿದಾಡಿತ್ತು, ನೆನಪಿರಬಹುದು. ಮೇಲೆ ಹೊರೆ ಇಲ್ಲದ ಕಂಬವಾದ್ದರಿಂದ ಅದು ಅಷ್ಟು ಸುಲಭವಾಗಿ ಬಿತ್ತು. ನ್ಯಾಯಾಲಯ ಅವರಿಗೆ ದಂಡ ಹಾಕಿದ್ದಲ್ಲದೆ ಕಂಬವನ್ನು ಮತ್ತೆ ನಿಲ್ಲಿಸುವಂತೆಯೂ ಹೇಳಿತು.

ಬುಡ ಮೆತ್ತಗಾದರೂ ಕಷ್ಟ. 2024ರ ಮೇ ತಿಂಗಳಲ್ಲಿ ಮಳೆ ಜೋರಾಗಿ ಬಿದ್ದ ಮೇಲೆ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಕಂಬ-ತೊಲೆ ಕಟ್ಟಡದಲ್ಲಿ ಒಂದು ಕಂಬ ಬುಡದಲ್ಲಿ ಜಾರಿದರೆ ಅದರ ಮೇಲಿನ ಎಲ್ಲ ತೊಲೆಗಳ ಆಸರೆಯೂ ಒಟ್ಟಿಗೆ ಹೋಗುತ್ತದೆ. ಹಾಗಾಗಿ ಮಂಟಪದ ಸುತ್ತ ನೀರು ಹರಿದು ಹೋಗಲು ದಾರಿ ಮಾಡುವುದು ಕಂಬ ಒರೆಸುವುದಕ್ಕಿಂತ ಮುಖ್ಯ.

ಕಲ್ಲಿನ ತೊಲೆ ಇಟ್ಟು ಸೇತುವೆ ಕಟ್ಟಬಹುದಾ?

ಕಟ್ಟಿದ್ದಾರೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನೋಡಿ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ್ದು, ಹೆಸರು ಆಗಿನ ಗವರ್ನರ್ ಜನರಲ್‌ನದು. ಹೆಸರು ಇಂಗ್ಲಿಷಿನದಾದರೂ ಕಟ್ಟಿದ ರೀತಿ ನಮ್ಮ ಮಂಟಪದ್ದೇ. ಕಮಾನು ಇಲ್ಲ. ನೀರಿನಲ್ಲಿ ಸಾಲು ಸಾಲು ಕಲ್ಲಿನ ಕಂಬ, ಅದರ ಮೇಲೆ ಬೋದಿಗೆಯಂತೆ ಚಾಚಿದ ಕಲ್ಲು, ಅದರ ಮೇಲೆ ತೊಲೆ, ತೊಲೆಯ ಮೇಲೆ ಹಾಸು. ದಡದಲ್ಲಿ ನಿಂತು ಪಕ್ಕದಿಂದ ನೋಡಿದರೆ ಗುಡಿಯ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆ ದಾಟಿಸಿದಂತಿದೆ.

ಇದರ ತೊಂದರೆಯೂ ಅಲ್ಲೇ ಕಾಣುತ್ತದೆ. ಸಂದು ಕಿರಿದು, ಕಂಬ ಬಹಳ. ಹೊಳೆ ತುಂಬಿ ಬಂದಾಗ ಮರ, ಕಸ ಎಲ್ಲ ಕಂಬಗಳಿಗೆ ಸಿಕ್ಕಿಕೊಂಡು ನೀರಿನ ಒತ್ತಡ ಹೆಚ್ಚುತ್ತದೆ. ಆದರೂ ಇನ್ನೂರು ವರ್ಷ ದಾಟಿ ನಿಂತಿದೆ. ಹಂಪಿಯಲ್ಲಿ ವಿಠಲ ಗುಡಿಯ ಹತ್ತಿರ ತುಂಗಭದ್ರೆಯಲ್ಲೂ ಇಂಥದ್ದೊಂದು ಹಳೆ ಸೇತುವೆಯ ಕಂಬಗಳಿವೆ. ಹಾಸು ಹೋಗಿ ಕಂಬ ಮಾತ್ರ ಉಳಿದಿದೆ. ಶ್ರೀರಂಗಪಟ್ಟಣಕ್ಕೆ ಹೋದವರೆಲ್ಲ ದರಿಯಾ ದೌಲತ್ ನೋಡಿ ಬರುತ್ತಾರೆ, ಈ ಸೇತುವೆಯ ಕಡೆ ಕಾಲಿಡುವುದಿಲ್ಲ. ಮುಂದಿನ ಸಲ ಅರ್ಧ ಗಂಟೆ ಕೊಡಿ.

ಕರಾವಳಿಯ ಮಳೆಗೆ ಚಪ್ಪಡಿಯ ಸೂರು ಸೋರುವುದಿಲ್ಲವಾ?

ಚಪ್ಪಟೆ ಇಟ್ಟರೆ ಸೋರುತ್ತದೆ. ಅದಕ್ಕೇ ಭಟ್ಕಳದ ಕಡೆಯ ಗುಡಿಗಳಲ್ಲಿ ಕಲ್ಲಿನ ಚಪ್ಪಡಿಯನ್ನೂ ಹೆಂಚಿನ ಮನೆಯ ಹಾಗೆ ಇಳಿಜಾರಾಗಿ ಇಟ್ಟಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಅಲ್ಲಿ ಕೆಳಗೆ ಕಲ್ಲು, ಮೇಲಿನ ಅಂತಸ್ತಿಗೆ ಮರ, ಇಳಿಜಾರು ಮಾಡು. ಮೇಲೆ ಹೋದಂತೆ ಹಗುರ ಮಾಡಿದ್ದು ಜಾಣತನ. ವಿಜಯನಗರದ ಗೋಪುರಗಳಲ್ಲೂ ಹಾಗೇ, ಕೆಳಗಿನದು ಕಲ್ಲು, ಮೇಲಿನ ನೆಲೆಗಳು ಇಟ್ಟಿಗೆ-ಗಾರೆ.

ಮರದ ಕಂಬ-ತೊಲೆ ಕಲ್ಲಿಗಿಂತ ಒಳ್ಳೆಯದಾ?

ತೊಲೆಗೆ ಮರ ಖಂಡಿತ ಒಳ್ಳೆಯದು. ಎಳೆತ ತಾಳುತ್ತದೆ, ಹಗುರ ಇದೆ, ಮುರಿಯುವ ಮೊದಲು ಬಾಗಿ, ಲಟಲಟ ಸದ್ದು ಮಾಡಿ ಎಚ್ಚರಿಸುತ್ತದೆ. ಕಲ್ಲು ಏನೂ ಹೇಳದೆ ಮುರಿಯುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ (1784), ಬೆಂಗಳೂರಿನ ಟಿಪ್ಪು ಅರಮನೆ (1791) ಎರಡೂ ಮರದ ಕಂಬಗಳ ಮೇಲೆ ನಿಂತಿವೆ. ಅಲ್ಲಿನ ಸಂದು ಎಷ್ಟು ಧಾರಾಳ ಅಂತ ಗಮನಿಸಿ.

ಮಲೆನಾಡಿನ ಹೆಂಚಿನ ಮನೆಯಲ್ಲಿ ಮುಂಡಿಗೆ (ಕಂಬ), ತೊಲೆ, ಪಕಾಸು (ಇಳಿಜಾರು ಮರ), ರೀಪು (ಹೆಂಚು ಕೂರುವ ಪಟ್ಟಿ). ಉತ್ತರ ಕರ್ನಾಟಕದ ಮಾಳಿಗೆ ಮನೆಯಲ್ಲಿ ಕಂಬ, ತೊಲೆ, ಜಂತಿ (ತೊಲೆಯ ಮೇಲಿನ ಸಣ್ಣ ಅಡ್ಡ ಮರ), ಮೇಲೆ ಮಣ್ಣು, ನಡುವೆ ಬೆಳಕಿಂಡಿ. ಹೆಸರು ಬೇರೆಯಾದರೂ ಭಾರ ಇಳಿಯುವ ದಾರಿ ಒಂದೇ.

ಮರದ ಶತ್ರು ಎರಡು, ನೀರು ಮತ್ತು ಗೆದ್ದಲು. ಹಳಬರು ಕಂಬವನ್ನು ನೆಲಕ್ಕೆ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದು ಇದಕ್ಕೇ. ಈಗ ಮನೆ ರಿಪೇರಿ ಮಾಡುವಾಗ ನೆಲ ಎತ್ತರಿಸಿ ಟೈಲ್ಸ್ ಹಾಕಿಸಿ ಆ ಪೀಠವನ್ನೇ ಹೂತುಬಿಡುತ್ತಾರೆ. ಒರೆಸಿದ ನೀರು ಮರಕ್ಕೆ ತಾಗುತ್ತದೆ. ನೂರು ವರ್ಷ ನಿಂತ ಕಂಬ ಕೆಲವೇ ವರ್ಷಗಳಲ್ಲಿ ಬುಡ ಕೊಳೆಯುತ್ತದೆ. ದಯವಿಟ್ಟು ಪೀಠ ಮುಚ್ಚಿಸಬೇಡಿ.

ಇನ್ನೊಂದು ಸಣ್ಣ ವಿಷಯ. 15 x 30 ಸೆಂ.ಮೀ. ತೊಲೆಯನ್ನು ಮಲಗಿಸಿ ಇಡುವುದಕ್ಕಿಂತ ನೆಟ್ಟಗೆ, 30 ಸೆಂ.ಮೀ. ಎತ್ತರಕ್ಕೆ ಬರುವಂತೆ ಇಟ್ಟರೆ ಎರಡರಷ್ಟು ಭಾರ ಹೊರುತ್ತದೆ. ಬಗ್ಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಮರ, ಅದೇ ದುಡ್ಡು.

ಬೇರೆ ದೇಶಗಳಲ್ಲೂ ಹೀಗೇನಾ?

ಹೌದು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ನಿಂತ ಕಲ್ಲುಗಳ ತಲೆಯ ಮೇಲೆ ಗೂಟ ಬಿಡಿಸಿ, ಮಲಗಿದ ಕಲ್ಲಿಗೆ ಕುಳಿ ತೋಡಿ ಕೂರಿಸಿದ್ದಾರೆ. ಅದಕ್ಕೆ ಸುಮಾರು 4,500 ವರ್ಷ. ಈಜಿಪ್ಟಿನ ಕಾರ್ನಾಕ್‌ನ ದೊಡ್ಡ ಸಭಾಂಗಣದಲ್ಲಿ 134 ಕಂಬಗಳಿವೆ. ಅಥೆನ್ಸಿನ ಪಾರ್ಥೆನಾನ್ ಕ್ರಿ.ಪೂ. 447ರಲ್ಲಿ ಶುರುವಾದದ್ದು, ಅಮೃತಶಿಲೆಯ ಕಂಬ, ಅಮೃತಶಿಲೆಯ ತೊಲೆ. ಮೂರೂ ಕಡೆ ಸಂದು ಕಿರಿದೇ. ನಮ್ಮ ದೇಶದಲ್ಲೇ ಒಡಿಶಾದ ಕೊಣಾರ್ಕದವರು 13ನೇ ಶತಮಾನದಲ್ಲಿ ಕಬ್ಬಿಣದ ತೊಲೆಗಳನ್ನು ಬಳಸಿದ್ದರು. ಕಲ್ಲಿನ ಕೊರತೆ ಏನು ಅಂತ ಅವರಿಗೆ ಚೆನ್ನಾಗಿ ತಿಳಿದಿತ್ತು.

ಈಗಿನ ಆರ್‌ಸಿಸಿ ಪಿಲ್ಲರ್, ಬೀಮ್ ಕೂಡ ಇದೇ ಅಲ್ವಾ?

ನೋಡಲು ಅದೇ. ಎರಡು ವಿಷಯದಲ್ಲಿ ಬೇರೆ. ಕಾಂಕ್ರೀಟ್ ಕೂಡ ಕಲ್ಲಿನ ಹಾಗೇ, ಎಳೆತ ತಾಳದು. ಅದಕ್ಕೆ ಎಳೆತ ಬರುವ ಕಡೆ ಕಬ್ಬಿಣದ ಸರಳು ಇಡುತ್ತೇವೆ. ಇದು ಒಂದು. ಎರಡನೆಯದು ಮೂಲೆ. ಗುಡಿಯಲ್ಲಿ ತೊಲೆ ಕಂಬದ ಮೇಲೆ ಸುಮ್ನೆ ಕೂತಿರುತ್ತದೆ. ಆರ್‌ಸಿಸಿಯಲ್ಲಿ ಬೀಮಿನ ಸರಳು ಪಿಲ್ಲರಿನೊಳಗೆ ಹೋಗಿ ಎರಡೂ ಒಂದೇ ಮೈ ಆಗಿರುತ್ತವೆ. ಹಾಗಾಗಿ ಪಕ್ಕಕ್ಕೆ ಅಲುಗಾಡಿದಾಗಲೂ ಚೌಕಟ್ಟು ಒಟ್ಟಾಗಿ ತಡೆಯುತ್ತದೆ.

ಭೂಕಂಪ ಬಂದರೆ?

ಕಂಬ-ತೊಲೆಯ ದೊಡ್ಡ ದೌರ್ಬಲ್ಯ ಇದು. ಕೆಳಕ್ಕೆ ಬರುವ ಭಾರಕ್ಕೆ ಹೇಳಿ ಮಾಡಿಸಿದ ಕಟ್ಟಡ, ಪಕ್ಕಕ್ಕೆ ಬರುವ ಬಲಕ್ಕಲ್ಲ. ತೊಲೆಗೆ ಕೂರಲು ಕಡಿಮೆ ಜಾಗವಿದ್ದರೆ ಜಾರಿ ಬೀಳುತ್ತದೆ. 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ದಪ್ಪ ಕಲ್ಲು-ಮಣ್ಣಿನ ಗೋಡೆಗಳು, ಅವುಗಳ ಮೇಲಿನ ಮಣ್ಣಿನ ಮಾಳಿಗೆ ಕುಸಿದು ಸಾವಿರಾರು ಜನ ಸತ್ತರು. ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಒಳಗಿನ ಮರದ ಚೌಕಟ್ಟು ನಿಂತಿತ್ತು. ನಮ್ಮ ಕಲಬುರಗಿ, ಬೀದರ್ ಕಡೆಯ ಹಳೆ ಮನೆಗಳೂ ಅದೇ ಬಗೆಯವು, ಹಾಗಾಗಿ ಇದು ದೂರದ ಮಾತಲ್ಲ. ಹೊಸದಾಗಿ ಇಟ್ಟಿಗೆಯ ಗೋಡೆಯ ಮನೆ ಕಟ್ಟುವಾಗ ಲಿಂಟಲನ್ನು ಬಾಗಿಲಿಗಷ್ಟೇ ನಿಲ್ಲಿಸದೆ ಮನೆಯ ಸುತ್ತಲೂ ಒಂದೇ ಪಟ್ಟಿಯಾಗಿ ಹಾಕಿಸಿ. ಐಎಸ್ 4326 ಎಂಬ ನಮ್ಮ ಮಾನದಂಡವೂ ಇಂಥ ಪಟ್ಟಿಯನ್ನೇ ಹೇಳುತ್ತದೆ. ಡಬ್ಬಕ್ಕೆ ಹಗ್ಗ ಬಿಗಿದ ಕೆಲಸ ಅದರದು.

ಮನೆಯ ಲಿಂಟಲ್ ಹಾಕುವಾಗ ಮೇಸ್ತ್ರಿ ಹತ್ತಿರ ಏನು ಕೇಳಬೇಕು?

ಮೊದಲು, ಸರಳು ಎಲ್ಲಿ ಅಂತ ಕೇಳಿ. ಲಿಂಟಲಿನಲ್ಲಿ ಮುಖ್ಯ ಸರಳು ಕೆಳಗೆ ಇರಬೇಕು, ಎಳೆತ ಬರುವುದು ಅಲ್ಲೇ. ಸಜ್ಜ ಹೊರಗೆ ಚಾಚಿರುತ್ತದೆ, ಅದರಲ್ಲಿ ಎಳೆತ ಮೇಲೆ. ಹಾಗಾಗಿ ಸಜ್ಜದ ಸರಳು ಮೇಲೆ. ಎರಡನ್ನೂ ಒಟ್ಟಿಗೆ ಹಾಕುವಾಗ ಎಡವಟ್ಟು ಆಗುವುದು ಇಲ್ಲೇ. ಸರಳು ಸರಿಯಾಗಿ ಕಟ್ಟಿರುತ್ತಾರೆ, ಕಾಂಕ್ರೀಟ್ ಸುರಿಯುವಾಗ ಅದರ ಮೇಲೆಯೇ ಓಡಾಡಿ ಸಜ್ಜದ ಸರಳನ್ನು ತಳಕ್ಕೆ ತುಳಿದಿರುತ್ತಾರೆ. ಸೆಂಟ್ರಿಂಗ್ ಬಿಚ್ಚಿದಾಗ ಗೋಡೆಯ ಅಂಚಿನಲ್ಲಿ ಗೆರೆ ಬಿದ್ದಿರುತ್ತದೆ. ಕಾಂಕ್ರೀಟ್ ಹಾಕುವ ದಿನ ನೀವು ಅಲ್ಲೇ ಇರಿ.

ಎರಡನೆಯದು, ಲಿಂಟಲ್ ಎರಡೂ ಕಡೆ ಗೋಡೆಯ ಮೇಲೆ ಎಷ್ಟು ಕೂತಿದೆ? ಕನಿಷ್ಠ 15 ಸೆಂ.ಮೀ., ಅಂದರೆ ಅರ್ಧ ಅಡಿ. ಬಾಗಿಲ ಮೂಲೆಯಿಂದ ಓರೆಯಾಗಿ ಮೇಲೆ ಹೋಗುವ ಬಿರುಕು ನೋಡಿದ್ದೀರಲ್ಲ, ಬಹಳ ಸಲ ಅದರ ಮೂಲ ಈ ಕಡಿಮೆ ಆಸರೆ, ಇಲ್ಲವೇ ಲಿಂಟಲ್ಲೇ ಇಲ್ಲದಿರುವುದು.

ಮೂರನೆಯದು, ಸರಳಿನ ಕೆಳಗೆ ಕವರ್ ಬ್ಲಾಕ್, ಅಂದರೆ ಸರಳನ್ನು ತಳದಿಂದ ಎತ್ತಿ ಹಿಡಿಯುವ ಪುಟ್ಟ ಬಿಲ್ಲೆ, ಇದೆಯಾ? ಜಲ್ಲಿ ಕಲ್ಲು ತುರುಕಿ ಕೆಲಸ ಮುಗಿಸುವುದು ರೂಢಿ. ಅದು ಸರಿಯುತ್ತದೆ, ಸರಳು ಹೊರಗೆ ಕಾಣಿಸಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ. ಇನ್ನು ಬೀಮಿನ ಕೆಳಗಿನ ಆಸರೆ ಬೇಗ ತೆಗೆಯಲು ಬಿಡಬೇಡಿ. ಕಾಂಕ್ರೀಟ್ ಕೆಲಸದ ಮಾನದಂಡವಾದ ಐಎಸ್ 456 ಪ್ರಕಾರ 6 ಮೀಟರ್‌ವರೆಗಿನ ಬೀಮಿಗೆ 14 ದಿನ, ಅದಕ್ಕಿಂತ ಉದ್ದಕ್ಕೆ 21 ದಿನ.

ಹಳೆ ಮನೆಯ ನಡುವಿನ ಕಂಬ ತೆಗೆದು ಹಾಲ್ ದೊಡ್ಡದು ಮಾಡಬಹುದಾ?

ಸುಮ್ಮನೆ ತೆಗೆಯಬೇಡಿ. ಕಂಬ ಹೋದರೆ ಅಕ್ಕಪಕ್ಕದ ಎರಡು ಸಂದು ಸೇರಿ ಒಂದಾಗುತ್ತದೆ. ಸಂದು ಎರಡರಷ್ಟಾದರೆ ಎಳೆತ ನಾಲ್ಕರಷ್ಟು ಅಂತ ಮೇಲೆ ಹೇಳಿದ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಜೊತೆಗೆ ಹಳೆ ತೊಲೆ ಆ ಕಂಬದ ಮೇಲೆಯೇ ಎರಡು ತುಂಡಾಗಿ ಸೇರಿರಬಹುದು. ಬೋದಿಗೆಯ ಹಿಂದೆ ಆ ಬೆಸುಗೆ ಅಡಗಿರುವುದರಿಂದ ಕೆಳಗಿಂದ ಕಾಣುವುದಿಲ್ಲ. ಅಂಥ ಕಂಬ ತೆಗೆದರೆ ಅದೇ ದಿನ ಸೂರು ಕೆಳಗೆ ಬರುತ್ತದೆ.

ತೆಗೆಯಲೇಬೇಕು ಅಂದರೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಬೇಕು. ಹಳೆ ತೊಲೆಯ ಕೆಳಗೆ ಉಕ್ಕಿನ ಬೀಮ್ ಕೊಟ್ಟು, ಅದರ ಎರಡೂ ತುದಿಗೆ ಹೊಸ ಆಸರೆ, ಆ ಆಸರೆಗೆ ಪಾಯ ಎಲ್ಲ ಆದ ಮೇಲೆ ಕಂಬ ಬಿಚ್ಚುತ್ತಾರೆ. ಖರ್ಚು ಕೇಳಿದ ಮೇಲೆ ಎಷ್ಟೋ ಜನ ಕಂಬ ಇರಲಿ ಬಿಡಿ ಅನ್ನುತ್ತಾರೆ. ಕಂಬಕ್ಕೆ ಒರಗಿ ಕೂರುವ ಸುಖವೂ ಉಳಿಯುತ್ತದೆ.

ಕಲ್ಲುಚಪ್ಪಡಿಯ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಬಹುದಾ?

ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಕಡೆಯಿಂದ ಬರುವ ಪ್ರಶ್ನೆ. ಚಪ್ಪಡಿಯ ಮೇಲೆ ನೇರವಾಗಿ ಗೋಡೆ ಕಟ್ಟಬೇಡಿ. ಆ ಚಪ್ಪಡಿ ತನ್ನ ತೂಕ, ಮೇಲಿನ ಗಾರೆ, ಒಣ ಹಾಕಿದ ರಾಗಿ, ನಾಲ್ಕು ಜನ ಇಷ್ಟನ್ನು ಹೊರಲು ಹಾಕಿದ್ದು. ನಡುವೆ ಗೋಡೆ ಬಂದರೆ ಯಾವ ಸೂಚನೆಯೂ ಇಲ್ಲದೆ ಮುರಿಯಬಹುದು. ಸೋರುತ್ತಿದೆ ಅಂತ ವರ್ಷ ವರ್ಷ ಒಂದೊಂದು ಪದರ ಸಿಮೆಂಟ್ ಹಾಕಿಸುವುದೂ ಅದೇ ಅಪಾಯ, ಭಾರ ಏರುತ್ತಾ ಹೋಗುತ್ತದೆ. ಸೋರಿದರೆ ಹಳೆ ಪದರ ತೆಗೆಸಿ, ಸಂದು ತುಂಬಿಸಿ, ನೀರು ಒಂದು ಕಡೆಗೆ ಓಡುವಂತೆ ತೆಳುವಾಗಿ ಇಳಿಜಾರು ಕೊಡಿಸಿ. ಇನ್ನೊಂದು ಅಂತಸ್ತು ಬೇಕೇ ಬೇಕು ಅಂದರೆ ಹಳೆ ಗೋಡೆಯ ಹೊರಗೆ ಹೊಸ ಪಿಲ್ಲರ್ ಎಬ್ಬಿಸಿ, ಚಪ್ಪಡಿಗೆ ತಾಗದಂತೆ ಮೇಲೆ ಹೊಸ ಮೋಲ್ಡ್ ಹಾಕಿಸುವುದು ಸರಿ.